ಕಾಲುವೆ ದಂಡೆಯ ಕಿಲೇರನ್ಸು

ಕ್ಲಿಯರೆನ್ಸ್ ಎಂಬ ಇಂಗ್ಲಿಷ್ ಪದವನ್ನು ನನಗೆ ಕಲಿಸಿದವಳು ನನ್ನ ಅಕ್ಕ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಶಹಾಪುರದ ಹೊರಗೆ, ಕಾಲುವೆಯ ದಂಡೆಯ ಮೇಲಿದ್ದ ತನ್ನ ಗುಡಿಸಲಿನ ಮುಂದೆ ಕುಳಿತು ಕುಡಗೋಲು ಮಸೆಯುತ್ತಾ, ನಾಳೆಯಿಂದ ತಾನು ಕಿಲೇರನ್ಸಿಗೆ ಹೋಗುತ್ತೇನೆ, ನೀನೇ ರೊಟ್ಟಿ ಬಡಿದುಕೊಂಡು ಶಾಲೆಗೆ ಹೋಗಬೇಕು ಎಂದು ಹೇಳಿದಳು. ಕಿಲೇರನ್ಸು ಅಂದರೆ ಬಸ್ಸು ಹತ್ತಿ ಹೋಗುವ ಯಾವುದೋ ಊರು ಎಂದುಕೊಂಡೆ. ಮರುದಿನ ಸಂಜೆ ಅವಳು ಮರಳಿದಾಗ ಎರಡೂ ಅಂಗೈ ತುಂಬ ಜಾಲಿಮುಳ್ಳು ನೆಟ್ಟಿದ್ದವು. ಅದು ಊರಲ್ಲ, ಕೆಲಸ ಎಂದು ಆಗ ತಿಳಿಯಿತು.

ನಮ್ಮದು ಮುದನಾಳದ ಕಡೆಯ ಕೂಲಿಕಾರರ ಮನೆ. ಅಪ್ಪನ ಮುಖ ನನಗೆ ನೆನಪಿಲ್ಲ. ನಾನು ಏಳನೆಯ ತರಗತಿ ಮುಗಿಸಿದ ವರ್ಷ ಅವ್ವ ಕಾಮಾಲೆಯಿಂದ ತೀರಿಕೊಂಡಳು. ಅವ್ವನ ದಿನದ ಕಾರ್ಯ ಮುಗಿದ ಮೇಲೆ ಅಕ್ಕ ನನ್ನ ಬಟ್ಟೆಗಳನ್ನು ಒಂದು ಗಂಟು ಕಟ್ಟಿ, ನನ್ನನ್ನು ತನ್ನ ಜೊತೆ ಕರೆದುಕೊಂಡು ಬಂದಳು. ಅಕ್ಕನ ಗಂಡನನ್ನು ನಾವು ಮಾವ ಎನ್ನುತ್ತೇವೆ. ಮಾವ ಕಾಲುವೆ ತೋಡಲು ಬಂದವನು. ಕೃಷ್ಣೆಯ ನೀರನ್ನು ಈ ಸೀಮೆಗೆ ತರುವ ಕೆಲಸ ವರ್ಷಗಟ್ಟಲೆ ನಡೆದಿತ್ತಂತೆ. ಕೆಲಸ ಮುಗಿದ ಮೇಲೆ ಗುತ್ತಿಗೆದಾರ ಲಾರಿಗಳನ್ನು ತೆಗೆದುಕೊಂಡು ಹೋದ. ಮಣ್ಣು ಹೊತ್ತ ಕೆಲವು ಕುಟುಂಬಗಳು ದಂಡೆಯ ಮೇಲೆಯೇ ಉಳಿದವು. ನೀರು ಹರಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಸಸಿ ಹಚ್ಚಲು ಹೆಣ್ಣಾಳು ಬೇಕಾದರು. ಹೀಗಾಗಿ ಆ ಸಾಲು ಗುಡಿಸಲುಗಳನ್ನು ಕಂಡೂ ಯಾರೂ ಏಳಿ ಎನ್ನಲಿಲ್ಲ.

ಗುಡಿಸಲು ಅಂದೆ, ಆದರೆ ಅದಕ್ಕೆ ಗೋಡೆಗಳಿದ್ದವು. ಕಾಲುವೆ ತೋಡುವಾಗ ಸಿಡಿಸಿದ ಕಲ್ಲುಗಳನ್ನೇ ಮಾವ ಒಟ್ಟಿ, ಕೆಸರು ಮೆತ್ತಿ ಎದೆಯೆತ್ತರದ ತನಕ ಎಬ್ಬಿಸಿದ್ದ. ಮೇಲೆ ತಗಡು. ಬಾಗಿಲಿನ ಎಡಕ್ಕೆ ಅಕ್ಕ ಹಚ್ಚಿದ ಬೇವಿನ ಗಿಡ, ಹಿತ್ತಲಿನಲ್ಲಿ ಒಂದು ನುಗ್ಗೆ. ಸುತ್ತ ಮುಳ್ಳಿನ ಬೇಲಿ. ಹಗ್ಗ ಕಟ್ಟಿದ ಕೊಡವನ್ನು ಕಾಲುವೆಗೆ ಇಳಿಬಿಟ್ಟು ನೀರು ಸೇದುತ್ತಿದ್ದೆವು. ಮಕ್ಕಳಿಲ್ಲದ ಅಕ್ಕನಿಗೆ ನಾನೇ ಮಗಳು. ನನಗೆ ಆ ಮನೆಯಲ್ಲಿ ಒಂದು ದಿನವೂ ಬಡತನದ ನಾಚಿಕೆ ಅನ್ನಿಸಿರಲಿಲ್ಲ.

ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದಾಗ ದಂಡೆಯ ಗಿಡಗಂಟಿ ಕಡಿಸುವುದು ನೀರಾವರಿಯವರ ಪದ್ಧತಿ. ಅವರ ಕಾಗದಗಳಲ್ಲಿ ಅದರ ಹೆಸರು ಜಂಗಲ್ ಕ್ಲಿಯರೆನ್ಸ್. ಒಬ್ಬ ಮೇಸ್ತ್ರಿ ಬಂದು ಹೆಂಗಸರ ಗುಂಪು ಕಟ್ಟಿಕೊಂಡು ಹೋಗುತ್ತಿದ್ದ. ಜಾಲಿ, ಆಪು ಹುಲ್ಲು, ಲಂಟಾನ, ಎಲ್ಲವನ್ನೂ ಬುಡಮಟ್ಟ ಕಡಿದು ರಾಶಿ ಹಾಕಬೇಕು. ಮುಳ್ಳು ಒಳಗೇ ಮುರಿದರೆ ಕೈ ಬಾತುಕೊಳ್ಳುತ್ತಿತ್ತು. ಸಂಜೆ ನಾನು ಪಿನ್ನು ಕಾಯಿಸಿ ಅಕ್ಕನ ಅಂಗೈಯಿಂದ ಮುಳ್ಳು ತೆಗೆಯುತ್ತಿದ್ದೆ. ಅವಳು ಆ ಕಡೆ ಮುಖ ತಿರುಗಿಸಿ, ಅಂದು ಕಂಡ ಹಾವಿನ ಕಥೆಯನ್ನೋ, ಮೇಸ್ತ್ರಿಯ ಹೊಟ್ಟೆಯ ಕಥೆಯನ್ನೋ ಹೇಳಿ ನಗುತ್ತಿದ್ದಳು. ಕಡಿದ ಜಾಲಿಯಲ್ಲಿ ಒಂದು ಹೊರೆ ನಮ್ಮದು. ಮಳೆಗಾಲ ಮುಗಿಯುವ ತನಕ ಒಲೆಗೆ ಉರುವಲು ಸಾಲುತ್ತಿತ್ತು. ಹಾಗಾಗಿ ಆ ಪದ ನಮ್ಮ ಮನೆಯಲ್ಲಿ ಶುಭದ ಮಾತು. ಅಕ್ಕ ಅದನ್ನು ಬೇರೆಲ್ಲದಕ್ಕೂ ಬಳಸಲು ಹತ್ತಿದಳು. ರವಿವಾರ ಬೆಳಿಗ್ಗೆ ಹೇನಿನ ಹಣಿಗೆ ಹಿಡಿದು ಬಾಗಿಲಲ್ಲಿ ಕೂತು, "ಬಾ ಇಲ್ಲಿ ತಂಗಿ, ನಿನ್ನ ತಲಿ ಒಂದೀಟು ಕಿಲೇರನ್ಸ ಮಾಡ್ತೀನಿ" ಅನ್ನುತ್ತಿದ್ದಳು.

ಆ ಪದಕ್ಕೆ ಎರಡನೆಯ ಅರ್ಥ ಇದೆಯೆಂದು ಗೊತ್ತಾದದ್ದು ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ. ನಮ್ಮ ಸಾಲಿನ ತುದಿಯಲ್ಲಿ ಕಾಲುವೆಗೆ ಅಡ್ಡಲಾಗಿ ಒಂದು ತಗ್ಗಿನ ಸೇತುವೆ ಇತ್ತು, ನಮ್ಮವರು ಅದನ್ನು ಪೂಲು ಎನ್ನುತ್ತಿದ್ದರು; ಇನ್ನೊಂದು ತುದಿಯಲ್ಲಿ ಗದ್ದೆಗಳಿಗೆ ನೀರು ಬಿಡುವ ತೂಬು. ನೀರು ಬಿಟ್ಟಾಗಲೆಲ್ಲ ತೇಲಿಬಂದ ಹುಲ್ಲು, ಕೊಂಬೆ, ಸತ್ತ ಹಂದಿ, ಎಲ್ಲವೂ ಅದರ ಕೆಳಗೆ ಸಿಕ್ಕಿಬಿದ್ದು ನೀರು ದಂಡೆ ದಾಟಿ ನಮ್ಮ ಗುಡಿಸಲುಗಳಿಗೆ ನುಗ್ಗುತ್ತಿತ್ತು. ಆ ವರ್ಷ ಒಬ್ಬ ಎಂಜಿನಿಯರ್ ನೋಡಲು ಬಂದರು. ಸೇತುವೆಯ ಮೇಲೆ ಬಗ್ಗಿ ನೋಡಿ, ಇದಕ್ಕೆ ಕ್ಲಿಯರೆನ್ಸ್ ಬಹಳ ಕಡಿಮೆ ಎಂದರು. ಅಕ್ಕನಿಗೆ ಅವಮಾನವಾಯಿತು. ತಾವು ಹೆಂಗಸರೆಲ್ಲ ಬೇಸಿಗೆಯಲ್ಲಿ ಒಂದು ಕಡ್ಡಿ ಬಿಡದೆ ಸ್ವಚ್ಛ ಮಾಡಿದ್ದೇವೆ, ಕಡಿಮೆ ಹೇಗಾದೀತು ಎಂದು ಕೇಳಿದಳು. ಎಂಜಿನಿಯರ್ ನಕ್ಕರು, ಆದರೆ ಹಂಗಿಸುವ ನಗೆಯಲ್ಲ. ಒಂದು ಕೈಯನ್ನು ನೀರಿನಂತೆ ಕೆಳಗೆ, ಇನ್ನೊಂದನ್ನು ಸೇತುವೆಯಂತೆ ಮೇಲೆ ಹಿಡಿದು, ಈ ಎರಡರ ನಡುವೆ ಇರುವ ಖಾಲಿ ಜಾಗಕ್ಕೂ ಅದೇ ಹೆಸರಮ್ಮ ಎಂದರು. ಸೇತುವೆಯನ್ನು ಎತ್ತರಿಸಲು ಬರೆಯುತ್ತೇನೆ ಎಂದು ಹೇಳಿ ಹೋದರು. ಬರೆದಿರಲೂಬಹುದು. ಸೇತುವೆ ಮಾತ್ರ ಎತ್ತರವಾಗಲಿಲ್ಲ. ನೀರು ಬಂದಾಗಲೆಲ್ಲ ಅಕ್ಕ ಸೀರೆ ಎತ್ತಿ ಕಟ್ಟಿ, ಇಳಿದು, ಉದ್ದ ಕೋಲಿನಿಂದ ಆ ಕಸ ತಳ್ಳುವುದು ತಪ್ಪಲಿಲ್ಲ.

ಒಂದು ಪದಕ್ಕೆ ಎರಡು ಮುಖ ಇರಬಹುದೆಂಬ ಸಂಗತಿ ನನ್ನನ್ನು ಹಿಡಿದುಕೊಂಡಿತು. ನಾನು ಇಂಗ್ಲಿಷ್ ಓದಲು ಅದೂ ಒಂದು ಕಾರಣ. ಸುರಪುರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮಾಡಿದೆ. ಆಮೇಲೆ ಬಿ.ಇಡಿ. ಆಯಿತು. ಸುರಪುರ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಇಂಗ್ಲಿಷ್ ಟೀಚರಾಗಿ ಬಂದೆ. ಸುರಪುರದಲ್ಲಿ ಗುಡ್ಡದ ಕೆಳಗೆ ಒಂದು ಬಾಡಿಗೆ ಕೋಣೆ ಹಿಡಿದು, ಶನಿವಾರ ಮಧ್ಯಾಹ್ನ ಶಹಾಪುರದ ಬಸ್ಸು ಹತ್ತಿ ಅಕ್ಕನ ಬಳಿಗೆ ಹೋಗುತ್ತಿದ್ದೆ.

ಒಮ್ಮೆ ಪಾಠದಲ್ಲಿ ಆ ಪದ ಬಂತು. ಅರ್ಥ ಯಾರಿಗೆ ಗೊತ್ತು ಎಂದು ಕೇಳಿದೆ. ಒಬ್ಬ ಹುಡುಗಿ, ಯಾದಗಿರಿ ಬಜಾರದ ಬಟ್ಟೆ ಅಂಗಡಿಯಲ್ಲಿ ಹಳೆಯ ಮಾಲನ್ನು ಅಗ್ಗಕ್ಕೆ ಮಾರುವಾಗ ಆ ಬೋರ್ಡು ಹಾಕುತ್ತಾರೆ, ನಮ್ಮವ್ವ ತಂದ ಸೀರೆ ಮಡಿಕೆಯಲ್ಲೇ ಹರಿದಿತ್ತು ಎಂದಳು. ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬನ ಮಗ, ಇಂಜಿನಿನ ವಾಲ್ವಿಗೆ ಕಾಗದದಷ್ಟು ಕ್ಲಿಯರೆನ್ಸ್ ಬಿಡಬೇಕು, ಬಿಡದಿದ್ದರೆ ಸುಟ್ಟುಹೋಗುತ್ತದೆ ಎಂದ. ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಎದ್ದು, ಜಾಲಿ ಕಡಿಯೂದ್ರಿ ಟೀಚರ್ ಎಂದಳು. ಅವಳ ಅವ್ವನೂ ಅಕ್ಕನಂತೆ ಆ ಕೆಲಸಕ್ಕೆ ಹೋಗುವವಳಿರಬೇಕು. ಅವಳನ್ನು ಕಂಡು ನನಗೆ ಹಿಗ್ಗಾಯಿತು.

ಅಂದು ಸಂಜೆ ಸುರಪುರದಲ್ಲಿ ನಾನು ಓದಿದ್ದ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ದೊಡ್ಡ ನಿಘಂಟು ತೆರೆದು ಕುಳಿತೆ. ಪದದ ಬೇರು ಲ್ಯಾಟಿನ್ನಿನ ಕ್ಲಾರುಸ್. ಬೆಳಕುಳ್ಳದ್ದು, ಸ್ಪಷ್ಟವಾದದ್ದು ಎಂದು ಅರ್ಥ. ಅದಕ್ಕೂ ಹಿಂದೆ ಅದು ಕಣ್ಣಿನ ಮಾತಲ್ಲ, ಕಿವಿಯ ಮಾತು. ದೂರಕ್ಕೆ ಕೇಳುವ ಗಟ್ಟಿ ದನಿಗೆ ಹೇಳುತ್ತಿದ್ದರು, ಅದರ ಮೂಲ ಧಾತುವಿಗೆ ಕೂಗು, ಕರೆ ಎಂಬ ಅರ್ಥವಿತ್ತು ಎಂದು ಬಲ್ಲವರು ಊಹಿಸುತ್ತಾರೆ. ದನಿ ಬೆಳಕಾಯಿತು. ಬೆಳಕು ಫ್ರೆಂಚರ ಬಾಯಲ್ಲಿ ಮೆತ್ತಗಾಗಿ ಇಂಗ್ಲಿಷಿಗೆ ಬಂದು, ಮೋಡವಿಲ್ಲದ ಆಕಾಶವಾಯಿತು, ತಿಳಿನೀರಾಯಿತು. ಆಮೇಲೆ ಅಡ್ಡ ಇರುವುದನ್ನು ತೆಗೆದುಹಾಕುವ ಕೆಲಸವಾಯಿತು. ಅದಕ್ಕೊಂದು ಬಾಲ ಹಚ್ಚಿ ಕ್ಲಿಯರೆನ್ಸ್ ಮಾಡಿದರು. ಕಾಡು ಕಡಿಯುವುದು ಕ್ಲಿಯರೆನ್ಸ್. ಹಡಗು ಬಂದರು ಬಿಡಲು ಕೊಡುವ ಅಪ್ಪಣೆ ಕ್ಲಿಯರೆನ್ಸ್. ಬ್ಯಾಂಕಿನಲ್ಲಿ ಚೆಕ್ಕು ಸಲ್ಲುವುದು, ಸರಕಾರ ಕೊಡುವ ಪರವಾನಗಿ, ಎರಡು ವಸ್ತುಗಳ ನಡುವಿನ ಅಂತರ, ಎಲ್ಲವೂ ಅದೇ. ಕೊನೆಗೆ ಇನ್ನೊಂದು ಅರ್ಥ ಇತ್ತು. ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಜಮೀನುದಾರರು ತಲೆತಲಾಂತರದ ಒಕ್ಕಲುಗಳನ್ನು ಎಬ್ಬಿಸಿ, ಆ ನೆಲಕ್ಕೆ ಕುರಿ ಬಿಟ್ಟರು. ಅಲ್ಲಿಯ ಜನ ಆ ಕಾಲವನ್ನೇ ಈ ಪದದಿಂದ ಕರೆಯುತ್ತಾರೆ.

ನಮ್ಮ ಭಾಷೆಯಲ್ಲೂ ಹಾಗೆಯೇ ಇದೆ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ತೆರಪು ಅಂದರೆ ನಡುವಿನ ಜಾಗ, ಬಿಡುವು. ತೆರವು ಅಂದರೆ ಖಾಲಿ ಮಾಡಿಸುವುದು. ಎರಡೂ ಒಂದೇ ಬಳ್ಳಿಯವು. ಆದರೆ ನಮ್ಮ ಹಳ್ಳಿಗಳಲ್ಲಿ ಇವೆರಡಕ್ಕಿಂತ ಹೆಚ್ಚು ಕೇಳುವ ಮಾತು ಹಸನ ಮಾಡುವುದು. ಜೋಳ ಹಸನ ಮಾಡುತ್ತಾರೆ, ಹೊಲ ಹಸನ ಮಾಡುತ್ತಾರೆ. ಕಲ್ಲು, ಕಸ ತೆಗೆದ ಮೇಲೆ ಅಲ್ಲಿ ಕಾಳು ಉಳಿಯುತ್ತದೆ, ಮಣ್ಣು ಉಳಿಯುತ್ತದೆ. ಇಂಗ್ಲಿಷಿನ ಪದದಲ್ಲಿ ಉಳಿಯುವುದು ಖಾಲಿ ಜಾಗ ಮಾತ್ರ.

ಆ ವಾರ ಅಕ್ಕನಿಗೆ ಇದೆಲ್ಲ ಹೇಳಿದೆ. ಹಡಗು, ಚೆಕ್ಕು ಅವಳಿಗೆ ಬೇಡವಾದವು. ಕುರಿಯ ಸುದ್ದಿಗೆ ಮಾತ್ರ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ಆ ಮಂದಿ ಎಲ್ಲಿಗಿ ಹೋದ್ರು?"

ಬಹಳ ಜನ ಹಡಗು ಹತ್ತಿ ಸಮುದ್ರ ದಾಟಿ ಹೋದರಂತೆ ಎಂದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನಮಗೆ ಈ ಕೆನಾಲು ದಾಟಲಿಕ್ಕೇ ಪೂಲು ನೆಟ್ಟಗಿಲ್ಲ ಎಂದಳು. ಮಾವ ಹೊರಗಿನಿಂದ ನಕ್ಕ. ನಾವು ಮೂವರೂ ಕೂಡಿ ನಕ್ಕದ್ದರಲ್ಲಿ ಅದೇ ಕಡೆಯದು ಇರಬೇಕು.

ಮುಂದಿನ ಬೇಸಿಗೆಯಲ್ಲಿ ಕಾಲುವೆಗೆ ಹೊಸದಾಗಿ ಸಿಮೆಂಟು ಹಾಸುತ್ತಾರೆಂಬ ಸುದ್ದಿ ಬಂತು. ಎಲ್ಲರಿಗೂ ಖುಷಿ. ಕೆಳಗಿನ ಊರುಗಳಿಗೆ ನೀರು ಮುಟ್ಟುತ್ತಿರಲಿಲ್ಲ, ಇನ್ನು ಮುಟ್ಟುತ್ತದೆ ಎಂದು ವಡಗೇರಾದ ಕಡೆಯವರು ಹೇಳುತ್ತಿದ್ದರು. ಹಳೆಯ ಮೇಸ್ತ್ರಿ ಎಂದಿನಂತೆ ಬಂದು ಹೆಂಗಸರನ್ನು ಕರೆದ. ನಾನು ಅಂದು ರಜೆಯಲ್ಲಿ ಅಲ್ಲೇ ಇದ್ದೆ. ಈ ಸಲ ಕಿಲೇರನ್ಸು ದೂರ ಇಲ್ಲ, ಇಲ್ಲೇ ಇದೆ ಎಂದ. ನಡೆಯುವ ಕಷ್ಟ ತಪ್ಪಿತು ಎಂದು ಒಬ್ಬಿಬ್ಬರು ಸಂತೋಷಪಟ್ಟರು. ಅಕ್ಕ ಕುಡಗೋಲು ಹುಡುಕುತ್ತಾ ಎಲ್ಲಿಂದ ಎಲ್ಲಿಯ ತನಕ ಎಂದು ಕೇಳಿದಳು. ಪೂಲಿನಿಂದ ತೂಬಿನ ತನಕ ಎಂದ ಅವನು. ಅಕ್ಕ ಪೂಲಿನ ಕಡೆ ನೋಡಿದಳು, ತೂಬಿನ ಕಡೆ ನೋಡಿದಳು.

"ನಡುವ ನಾವಿದ್ದೀವಲ್ಲ?"

"ಹೌದಬೇ. ನೀವೂ ಅದರಾಗಽ ಬರ್ತೀರಿ" ಎಂದ ಮೇಸ್ತ್ರಿ. ಹಾಗೆ ಹೇಳುವಾಗ ಅವನು ತಲೆಯ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ಹೆಂಗಸರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಕೂಡಲೇ ಅರ್ಥವಾಗಿತ್ತು, ನಿಘಂಟಿನ ಆ ಕೊನೆಯ ಸಾಲು ಕಣ್ಣ ಮುಂದೆ ಬಂದಿತ್ತು.

ನಾವು ಸುಮ್ಮನೆ ಕೂರಲಿಲ್ಲ. ನಾನು, ಅಕ್ಕ, ಮಾವ, ಜೊತೆಗೆ ಸಾಲಿನ ಇಬ್ಬರು ಹಿರಿಯರು ಅರ್ಜಿ ಬರೆದುಕೊಂಡು ಯಾದಗಿರಿಗೆ ಹೋದೆವು. ಕಚೇರಿಯ ಅಧಿಕಾರಿ ಸಣ್ಣ ವಯಸ್ಸಿನವರು. ಟೀಚರೆಂದು ನನಗೆ ಕುರ್ಚಿ ಕೊಟ್ಟರು. ಉಳಿದವರು ನಿಂತರು. ಅವರ ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ದಂಡೆ ಸರಕಾರದ್ದು, ಅಲ್ಲಿ ನಿಮಗೆ ಹಕ್ಕಿಲ್ಲ, ಬಿಟ್ಟುಕೊಡಲೇಬೇಕು ಎಂದರು. ನಾವು ಇದೇ ಕಾಲುವೆಗೆ ಮಣ್ಣು ಹೊತ್ತವರು ಎಂದ ಮಾವ. ಅಧಿಕಾರಿ ತಲೆಯಾಡಿಸಿದರು. ಬೇರೆ ಜಾಗ ನೋಡಿದ್ದೇವೆ, ಹತ್ತಿಕುಣಿಯ ಕಡೆ ಗುಡ್ಡದ ಬದಿಯಲ್ಲಿ, ಆದರೆ ಅದಕ್ಕೆ ಮೇಲಿನಿಂದ ಕ್ಲಿಯರೆನ್ಸ್ ಬರಬೇಕು ಎಂದರು. ಯಾವಾಗ ಬರುತ್ತದೆ ಎಂದು ಕೇಳಿದೆ. ಅದು ತಮ್ಮ ಕೈಯಲ್ಲಿಲ್ಲ ಎಂದರು. ಜಾಗ ಸಿಗುವ ತನಕ ಇವರನ್ನು ಇಲ್ಲೇ ಬಿಡಬಹುದಲ್ಲ ಎಂದು ಕೇಳಿದೆ. ಅದೂ ತಮ್ಮ ಕೈಯಲ್ಲಿಲ್ಲ ಎಂದರು.

ಹೊರಗೆ ಬೇವಿನ ಮರದ ಕೆಳಗೆ ನಿಂತು, ಒಳಗೆ ಆದ ಮಾತನ್ನು ಎಲ್ಲರಿಗೂ ಬಿಡಿಸಿ ಹೇಳಿದೆ. ದಂಡೆ ಖಾಲಿ ಮಾಡಿಸುವುದಕ್ಕೂ ಅದೇ ಪದ, ಹೊಸ ಜಾಗಕ್ಕೆ ಬರಬೇಕಾದ ಅಪ್ಪಣೆಗೂ ಅದೇ ಪದ ಎಂದೆ. ಅಕ್ಕ ಸೆರಗಿನ ಅಂಚು ತಿರುವಿದಳು.

"ಒಂದಽ ಮಾತು ನಮ್ಮನ್ನ ಎಬ್ಬಸ್ತದ, ಅದಽ ಮಾತು ಕೂಡಸ್ತದ ಅಂತಿ. ಯಾವುದು ಮೊದಲ ಬರ್ತದ ತಂಗಿ?"

ಅಲ್ಲಿ ನಿಂತಿದ್ದ ಐದು ಜನಕ್ಕೂ ಉತ್ತರ ಗೊತ್ತಿತ್ತು.

ಮೊದಲು ಬರಬೇಕಾದದ್ದೇ ಮೊದಲು ಬಂತು. ಬುಲ್ಡೋಜರ್ ಬೆಳಿಗ್ಗೆ ಬಂದು ಸೇತುವೆಯ ಹತ್ತಿರ ನಿಂತಿತು. ಇಬ್ಬರು ಪೊಲೀಸರು ಅಕ್ಕನ ಬೇವಿನ ನೆರಳಲ್ಲೇ ಕುಳಿತರು. ಅವರಿಗೆ ಅಕ್ಕ ಕುಡಿಯಲು ನೀರು ಕೊಟ್ಟಳು, ಕೇಳಿದವರಿಗೆ ಇಲ್ಲ ಅನ್ನುವುದು ಅವಳಿಗೆ ತಿಳಿಯದು. ಮೇಸ್ತ್ರಿ ಸಾಲಿನ ಉದ್ದಕ್ಕೂ ನಡೆದು ಒಂದು ಮಾತು ಹೇಳುತ್ತಾ ಬಂದ. ಗಿಡ ಕಡಿಯಲು, ತಗಡು ಇಳಿಸಲು, ಕಲ್ಲು ಒಟ್ಟಲು ಆಳು ಬೇಕು, ಬೇರೆ ಊರಿನವರನ್ನು ಕರೆಯುವುದಕ್ಕಿಂತ ನೀವೇ ಮಾಡಿದರೆ ನಿಮಗೇ ಪಗಾರ ಎಂದ. ಅವನು ಕೆಟ್ಟವನಾಗಿರಲಿಲ್ಲ. ನಮಗೆ ಒಂದಿಷ್ಟು ಕೂಲಿಯಾದರೂ ಸಿಗಲಿ ಎಂಬುದು ಅವನ ಲೆಕ್ಕ.

ಮೂರನೆಯ ಗುಡಿಸಲಿನ ಮುದುಕಿ ಮಣ್ಣು ತೂರಿ ಅವನನ್ನು ಬೈದಳು. ಇನ್ನೊಬ್ಬಳು ಒಳಗೆ ಹೋಗಿ ಅಗಳಿ ಹಾಕಿಕೊಂಡು ಕುಳಿತಳು. ಅಕ್ಕ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಡಗೋಲು ತೆಗೆದುಕೊಂಡಳು. ನಾನು ಅವಳ ಕೈ ಹಿಡಿದೆ. ಬೇಡ ಅಕ್ಕಾ, ಅವರೇ ಮಾಡಿಕೊಳ್ಳಲಿ ಎಂದೆ.

"ಅವರು ಮಾಡಿದ್ರ ಗಡಗಿ ಸೈತ ಒಡೀತಾವ. ನಾ ಕಟ್ಟಿದ್ದು ನಾನಽ ಬಿಚ್ಚತೀನಿ" ಎಂದಳು.

ಮೊದಲು ಬೇಲಿ. ವರ್ಷ ವರ್ಷವೂ ಅವಳೇ ಒಟ್ಟಿದ ಮುಳ್ಳು. ಎಲ್ಲಿ ಹಿಡಿದರೆ ಚುಚ್ಚುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಆಮೇಲೆ ತಗಡು. ನಾನು ಒಳಗಿನ ಸಾಮಾನು ಹೊರಗೆ ತಂದೆ. ಹಂಚು, ಕೊಡಗಳು, ಹಾಸಿಗೆ, ಬುದ್ಧನ ಪಟ, ನನ್ನ ಶಾಲೆಯ ಹಳೆಯ ಪುಸ್ತಕಗಳ ಗಂಟು. ಅಷ್ಟು ವರ್ಷ ಬದುಕಿದ ಮನೆ ಬಿಸಿಲಿಗೆ ಬಂದಾಗ ಎಷ್ಟು ಸಣ್ಣದಾಗಿ ಕಂಡಿತೆಂದರೆ ನನಗೆ ಅದರ ಮೇಲೆ ಮರುಕ ಬಂತು. ಮಾವ ಅದ್ಯಾವುದನ್ನೂ ಮುಟ್ಟಲಿಲ್ಲ. ಸೇತುವೆಯ ಮೇಲೆ ಹೋಗಿ ನಮಗೆ ಬೆನ್ನು ಮಾಡಿ, ಒಣಗಿದ ಕಾಲುವೆಯನ್ನು ನೋಡುತ್ತಾ ನಿಂತಿದ್ದ. ಅಕ್ಕ ಅವನನ್ನು ಕರೆಯಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಬೇವಿನ ಸರದಿ ಬಂತು. ಪೊಲೀಸರು ಎದ್ದು ಆ ಕಡೆ ಹೋದರು. ಬೇವನ್ನು ಯಂತ್ರಕ್ಕೆ ಬಿಡು, ನಿನ್ನಿಂದ ಆಗದು ಎಂದು ಮೇಸ್ತ್ರಿ ಹೇಳಿದ. ಅಕ್ಕ ಅವನ ಕೈಯಿಂದಲೇ ಕೊಡಲಿ ಇಸಿದುಕೊಂಡಳು. ಯಂತ್ರ ಬೇರುಸಹಿತ ಕೀಳುತ್ತದೆ, ತಾನು ಕಡಿದರೆ ಬುಡ ಉಳಿದು ಚಿಗುರುತ್ತದೆ ಎಂಬುದು ಅವಳ ಎಣಿಕೆ. ಬಹಳ ಹೊತ್ತು ಕಡಿದಳು. ನಡುನಡುವೆ ನಿಂತು ದಣಿವಾರಿಸಿಕೊಂಡಳು. ಮರ ಬಿದ್ದಾಗ ಅದರ ಎಲೆಗಳು ಪಕ್ಕದ ಹೊಲದ ಬದುವಿನ ತನಕ ಹರಡಿದವು. ಮೊಣಕಾಲೆತ್ತರದ ಬುಡವನ್ನು ಅವಳು ಹಾಗೆಯೇ ಬಿಟ್ಟಳು. ಮರುದಿನ ದಂಡೆ ಸಮ ಮಾಡುವಾಗ ಬುಲ್ಡೋಜರ್ ಅದನ್ನೂ ಕಿತ್ತು ಕಾಲುವೆಯ ಆಚೆಗೆ ತಳ್ಳಿತು.

ಆ ವಾರದ ಪಗಾರವನ್ನು ಅವಳು ಇಸಿದುಕೊಂಡಳು. ಸಾಲಿನವರು ಅದಕ್ಕೆ ಅವಳನ್ನು ಆಡಿಕೊಂಡರು. ತನ್ನ ಮನೆ ತಾನೇ ಕೆಡವಿ ಕೂಲಿ ಪಡೆದವಳು ಎಂದರು. ಕೆಲಸ ಮಾಡಿದವರು ಪಗಾರ ಬಿಡಬಾರದು ಎಂಬುದು ಅವಳು ನಂಬಿದ ಕೆಲವೇ ನಿಯಮಗಳಲ್ಲಿ ಒಂದು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಇಂದಿಗೂ ಕಾಣುವುದಿಲ್ಲ. ಆದರೆ ಸಾಲಿನವರ ಮಾತುಗಳು ಮುಳ್ಳಿನಂತೆ ಅವಳೊಳಗೆ ಹೋಗಿ ಮುರಿದುಕೊಂಡವು. ಅವನ್ನು ತೆಗೆಯಲು ನನ್ನ ಬಳಿ ಏನೂ ಇರಲಿಲ್ಲ.

ಅಕ್ಕ, ಮಾವ ಇಬ್ಬರನ್ನೂ ಸುರಪುರಕ್ಕೆ ಕರೆತಂದೆ. ಒಂದೇ ಕೋಣೆ. ಮಾವನಿಗೆ ಉಸಿರು ಕಟ್ಟಿದಂತಾಯಿತು. ನಾದಿನಿಯ ಅನ್ನ ಉಣ್ಣುವುದು ಅವನಿಗೆ ದೊಡ್ಡ ಭಾರ. ಹಬ್ಬಕ್ಕೆ ಬರುತ್ತೇನೆಂದು ಹೇಳಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ. ಒಂದೆರಡು ಹಬ್ಬಕ್ಕೆ ಬಂದ. ಬಂದಾಗಲೂ ಹೆಚ್ಚು ಮಾತಿಲ್ಲ, ಗೋಡೆಗೆ ಒರಗಿ ಕೂತಿರುತ್ತಿದ್ದ. ಆಮೇಲೆ ಬರುವುದು ನಿಂತಿತು. ಅಲ್ಲಿ ಅವನನ್ನು ಕಂಡವರು, ಚೆನ್ನಾಗಿಯೇ ಇದ್ದಾನೆ ಎನ್ನುತ್ತಾರೆ. ಅಕ್ಕ ಅವನ ಬಗ್ಗೆ ಕೆಟ್ಟದ್ದು ಆಡಿದ್ದನ್ನು ನಾನು ಕೇಳಿಲ್ಲ. ಅವನಿಗೆ ಕಲ್ಲು ಒಟ್ಟುವುದು ಬಿಟ್ಟರೆ ಬೇರೆ ಬರುತ್ತಿರಲಿಲ್ಲ, ಒಟ್ಟಿದ್ದನ್ನು ಕೆಡವುವುದು ನೋಡಿದ ಮೇಲೆ ಅದೂ ಬೇಡವಾಗಿರಬೇಕು ಎಂದು ಒಮ್ಮೆ ಹೇಳಿದಳು.

ಅಕ್ಕನಿಗೂ ನನ್ನ ಕೋಣೆ ಒಗ್ಗಲಿಲ್ಲ. ನಾನು ಶಾಲೆಗೆ ಹೋದ ಮೇಲೆ ಅವಳಿಗೆ ದಿನ ಕಳೆಯುತ್ತಿರಲಿಲ್ಲ. ಒಂದು ದಿನ ಬಂದು ನೋಡಿದರೆ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ಕುಳಿತಿದ್ದಳು. ಕೊನೆಗೆ ಶಹಾಪುರಕ್ಕೆ ಮರಳಿ, ಅಕ್ಕಿ ಗಿರಣಿಯೊಂದರ ಹಿಂದಿನ ತಗಡಿನ ಕೋಣೆ ಬಾಡಿಗೆಗೆ ಹಿಡಿದಳು. ಸಸಿ ಹಚ್ಚುವ ದಿನಗಳಲ್ಲಿ ಗದ್ದೆಗೆ ಹೋಗುತ್ತಿದ್ದಳು, ಉಳಿದಂತೆ ಗಿರಣಿಯಲ್ಲಿ ತೌಡು ತುಂಬುವ ಕೆಲಸ. ಮುಂದಿನ ಬೇಸಿಗೆ ಮೇಸ್ತ್ರಿ ಹುಡುಕಿಕೊಂಡು ಬಂದು ಕರೆದನಂತೆ. ತನ್ನ ಹತ್ತಿರ ಈಗ ಕುಡಗೋಲಿಲ್ಲ ಎಂದು ಹೇಳಿ ಕಳಿಸಿದಳು. ಕುಡಗೋಲು ಬಾಗಿಲ ಹಿಂದೆಯೇ ಇತ್ತು.

ಹೊಸ ಜಾಗದ ಬೆನ್ನು ಹತ್ತುವುದು ನನ್ನ ಪಾಲಿಗೆ ಬಂತು. ಸಾಲಿನವರಲ್ಲಿ ಅಕ್ಷರ ಬಂದವಳು ನಾನೊಬ್ಬಳೇ. ರಜೆ ಸಿಕ್ಕಾಗಲೆಲ್ಲ ಯಾದಗಿರಿಗೆ ಹೋಗುತ್ತಿದ್ದೆ. ಆ ಸಣ್ಣ ವಯಸ್ಸಿನ ಅಧಿಕಾರಿಗೆ ವರ್ಗವಾಯಿತು. ಅವರ ನಂತರ ಬಂದವರಿಗೆ ಮೊದಲಿನಿಂದ ಹೇಳಬೇಕಾಯಿತು. ಅವರೂ ಹೋದರು. ಮೂರನೆಯವರು ಕಡತ ತರಿಸಿ ನೋಡಿ, ಗುಡ್ಡದ ಬದಿಯ ಆ ಜಾಗ ಅರಣ್ಯಕ್ಕೆ ಸೇರಿದ್ದು, ಹಾಗಾಗಿ ಅರಣ್ಯದವರ ಕ್ಲಿಯರೆನ್ಸ್ ಇಲ್ಲದೆ ಅಲ್ಲಿ ಒಂದು ಗಿಡ ಕೀಳುವಂತಿಲ್ಲ ಎಂದರು. ನಾನು ಆ ಜಾಗವನ್ನು ಒಮ್ಮೆ ಹೋಗಿ ನೋಡಿ ಬಂದಿದ್ದೆ. ಅಲ್ಲಿ ಇದ್ದದ್ದೂ ಕುರುಚಲು, ಹೆಚ್ಚಿನದು ಜಾಲಿಯೇ. ದಂಡೆಯ ಮೇಲಿನ ಜಾಲಿಯನ್ನು ಕಡಿಸಲು ಕೂಲಿ ಕೊಡುವ ಸರಕಾರವೇ ಗುಡ್ಡದ ಜಾಲಿಯನ್ನು ಕಾಯುತ್ತಿತ್ತು. ಇದನ್ನು ಆ ಅಧಿಕಾರಿಗೆ ಹೇಳಿದೆ. ನೀವು ಹೇಳುವುದು ಸರಿ ಮೇಡಂ ಎಂದರು. ಸರಿ ಎಂದ ಮೇಲೆ ಇನ್ನೇನು ಕೇಳುವುದು? ವಂದಿಸಿ ಎದ್ದು ಬಂದೆ.

ಅರಣ್ಯದವರಿಂದ ಬೇಡ ಎಂಬ ಉತ್ತರವೂ ಬರಲಿಲ್ಲ. ಬೇಡ ಎಂದಿದ್ದರೆ ಬೇರೆ ಜಾಗ ಕೇಳಬಹುದಿತ್ತು. ಹಿರಿಯರಲ್ಲಿ ಒಬ್ಬರು ತೀರಿಕೊಂಡರು. ಇನ್ನೊಬ್ಬರ ಮನೆಯವರು ಸಾಮಾನು ಕಟ್ಟಿಕೊಂಡು ಪುಣೆಗೆ ಹೋದರು. ಮೂರನೆಯ ಗುಡಿಸಲಿನ ಮುದುಕಿ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುವುದನ್ನು ಕಂಡೆ ಎಂದು ಯಾರೋ ಹೇಳಿದರು. ನಾನು ಎರಡು ಸಲ ಹೋಗಿ ಹುಡುಕಿದೆ, ಸಿಗಲಿಲ್ಲ. ಅರ್ಜಿಗೆ ಹೆಬ್ಬೆಟ್ಟು ಒತ್ತಿದವರನ್ನು ಒಂದು ಕಡೆ ಕೂಡಿಸುವುದು ಈಗ ನನ್ನಿಂದಾಗದು. ಹೋದ ಸಲ ಕಚೇರಿಗೆ ಹೋದಾಗ ಗುಮಾಸ್ತರೊಬ್ಬರು, ಫಲಾನುಭವಿಗಳೇ ಇಲ್ಲವಲ್ಲ ಟೀಚರ್, ಯಾರಿಗಾಗಿ ಓಡಾಡುತ್ತೀರಿ ಎಂದು ಕನಿಕರದಿಂದಲೇ ಕೇಳಿದರು. ಒಬ್ಬಳಿದ್ದಾಳೆ ಎಂದೆ. ಒಬ್ಬರಿಗಾಗಿ ಬಡಾವಣೆ ಮಾಡಲು ಬರುವುದಿಲ್ಲ ಎಂದರು.

ಅಲ್ಲಿಂದ ನೇರವಾಗಿ ಅಕ್ಕನ ಕೋಣೆಗೆ ಹೋದೆ. ಗಿರಣಿ ನಡೆಯುತ್ತಿತ್ತು, ತೌಡಿನ ದೂಳು ಬಾಗಿಲಿನಿಂದ ಒಳಗೆ ಬರುತ್ತಿತ್ತು. ಎರಡು ವರ್ಷದಿಂದ ಅವಳಿಗೆ ಕೆಮ್ಮು. ದವಾಖಾನೆಯವರು ದೂಳಿನ ಕೆಲಸ ಬಿಡಬೇಕು ಎಂದಿದ್ದಾರೆ, ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಹೋಗುತ್ತಾಳೆ. ಗುಮಾಸ್ತರು ಹೇಳಿದ್ದನ್ನು ಇದ್ದಂತೆಯೇ ಹೇಳಿದೆ. ಇನ್ನು ಆ ಜಾಗ ಆಗುವುದಿಲ್ಲ ಅಕ್ಕಾ ಎಂದೆ. ಅವಳಿಂದ ಮುಚ್ಚಿಡುವ ಮನಸ್ಸು ನನಗಿರಲಿಲ್ಲ.

"ಆತು. ನೀ ಇನ್ನ ಅಲ್ಲಿಗಿ ಹೋಗಬ್ಯಾಡ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಕಾಲುವೆಯ ಆಚೆ ದಡಕ್ಕೂ ಕೇಳುವಂತೆ ಕೂಗಿ ನನ್ನನ್ನು ಊಟಕ್ಕೆ ಕರೆಯುತ್ತಿದ್ದವಳ ದನಿ ಅದು. ಈಗ ಗಿರಣಿಯ ಸದ್ದಿನಲ್ಲಿ ಅದು ಕೇಳಿಸಬೇಕೆಂದರೆ ನಾನು ಅವಳ ಬಾಯಿಯ ಹತ್ತಿರ ಬಾಗಬೇಕಾಯಿತು. ಅವಳು ಎದ್ದು ನನಗೆ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಊಟ ಮುಗಿದ ಮೇಲೂ ಇಬ್ಬರೂ ಅಲ್ಲೇ ಕೂತಿದ್ದೆವು. ಅವಳು ಕೆಮ್ಮುತ್ತಿದ್ದಳು, ನಾನು ಬೆನ್ನು ಸವರುತ್ತಿದ್ದೆ.